ಡಾಂಬರಿಗೊಂದು ಚಕ್ರ, ಮಣ್ಣಿಗೊಂದು ಚಕ್ರ

ನಮ್ಮಪ್ಪ ಐವತ್ತಮೂರನೇ ವಯಸ್ಸಿನಲ್ಲಿ ಶೂ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ನಮ್ಮಣ್ಣ ಅದೇ ಐವತ್ತಮೂರಕ್ಕೆ, ಬಚ್ಚಲುಮನೆಯಲ್ಲಿ, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಹಾಗೇ ಹೊರಟುಹೋದ. (ತೊಳೆದುಕೊಳ್ಳುವಷ್ಟೂ ಪುರಸೊತ್ತು ಸಿಗಲಿಲ್ಲ.) ಹೀಗಾಗಿ ನನಗೆ ಐವತ್ತೆರಡು ತುಂಬಿದ ದಿನ ಶುಭಾಶಯ ಹೇಳಿದವರಿಗೆಲ್ಲ ನಾನು ಬೀಳ್ಕೊಡುಗೆ ಸಮಾರಂಭದ ದನಿಯಲ್ಲಿ ವಂದನೆ ಸಲ್ಲಿಸಿದೆ.

ಹೆಂಡತಿಗೆ ಈ ದನಿ ಸರಿಬರಲಿಲ್ಲ. ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಅವರು ನನ್ನ ಹೊಟ್ಟೆ ನೋಡಿದರು, ನಮ್ಮ ವಂಶವೃತ್ತಾಂತ ಕೇಳಿದರು, "ದಿನಾ ಸೈಕಲ್ ತುಳೀರಿ" ಎಂದು ಚೀಟಿಯಲ್ಲೇ ಬರೆದು ಕೊಟ್ಟರು.

ತುಳಿಯೋಣ. ಆದರೆ ಯಾವ ಸೈಕಲ್?

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಇಪ್ಪತ್ತೇಳು ವರ್ಷದಿಂದ ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಿರುವವನು. ಕಣ್ಣಿಗೆ ಬಿದ್ದ ಸೈಕಲ್ಲನ್ನು ಹಿಡಿದುಕೊಂಡು ಬರುವ ಆಸಾಮಿಯಲ್ಲ. ಶಾಸ್ತ್ರೋಕ್ತವಾಗಿ ಸಂಶೋಧನೆಗಿಳಿದೆ. ಡಾಂಬರು ರಸ್ತೆಗೆಂದು ಮಾಡಿದ ಸೈಕಲ್ಲಿಗೆ ಟಗರಿನ ಕೊಂಬಿನಂತೆ ಬಗ್ಗಿದ ಹ್ಯಾಂಡಲ್ಲು, ಹೆಬ್ಬೆರಳು ದಪ್ಪದ ಟೈರು. ಗಾಳಿಯಂತೆ ಹೋಗುತ್ತದೆ. ಆದರೆ ಒಂದು ಕಲ್ಲು ಅಡ್ಡ ಬಂದರೆ ಸವಾರ ಸೈಕಲ್ಲಿಗಿಂತ ಮೊದಲು ಮುಂದಿನೂರು ಸೇರುತ್ತಾನೆ. ಮಣ್ಣುದಾರಿಯ ಸೈಕಲ್ಲಿಗೆ ಮೊಸಳೆ ಬೆನ್ನಿನಂಥ ಟೈರು, ಮುಂದುಗಡೆ ಸ್ಪ್ರಿಂಗು. ಬಂಡೆಯನ್ನೂ ಹತ್ತುತ್ತದೆ. ಆದರೆ ಡಾಂಬರಿನ ಮೇಲೆ ಅದನ್ನು ತುಳಿಯುವುದೆಂದರೆ ಎಮ್ಮೆಯನ್ನು ಹಗ್ಗ ಕಟ್ಟಿ ಎಳೆದ ಹಾಗೆ.

ನಮ್ಮ ಮನೆಯಿಂದ ಎರಡು ಮೈಲಿ ಡಾಂಬರು, ಆಮೇಲೆ ಗುಡ್ಡದವರೆಗೂ ಮಣ್ಣುದಾರಿ. ಧರ್ಮಸಂಕಟ ಅಂದರೆ ಇದು.

ನೋಟುಪುಸ್ತಕದಲ್ಲಿ ಗೆರೆ ಎಳೆದು ಚಕ್ರದ ವ್ಯಾಸ, ಟೈರಿನ ಅಗಲ, ಕಡ್ಡಿಗಳ ಸಂಖ್ಯೆ ಎಲ್ಲ ಬರೆದೆ. ಸೈಕಲ್ ಅಂಗಡಿಯ ಯಜಮಾನರಿಂದ ಮಾದರಿಗೆಂದು ಒಂದು ಟೈರನ್ನೂ ತಂದಿಟ್ಟುಕೊಂಡೆ.

"ರೀ, ಊಟದ ಮೇಜಿನ ಮೇಲೆ ಟೈರು ಯಾಕ್ರೀ?"

"ಅಧ್ಯಯನ ನಡೀತಿದೆ ಕಣೇ."

"ಮೂರು ತಿಂಗಳಾಯ್ತು. ಆ ಟೈರನ್ನ ಕೈಯಲ್ಲಿ ಉರುಳಿಸ್ಕೊಂಡು ಓಡಿದ್ರೂ ಇಷ್ಟು ಹೊತ್ತಿಗೆ ಹೊಟ್ಟೆ ಕರಗ್ತಿತ್ತು."

ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮುಂದೆ ಬುಟ್ಟಿ ಕಟ್ಟಿದ ಹಳೇ ಸೈಕಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಸ್ಕೂಲಿಗೆ ಹೋಗಿಬರುತ್ತಿದ್ದಾಳೆ. ಅದರ ಚಕ್ರದ ವ್ಯಾಸ ಎಷ್ಟೆಂದು ಒಂದು ದಿನವೂ ಕೇಳಿದವಳಲ್ಲ.

ನಿಜ ಹೇಳಿಬಿಡುತ್ತೇನೆ. ನನಗೆ ಭಯವಾಗಿತ್ತು. ಆಯ್ಕೆ ನಡೆಯುತ್ತಿರುವಷ್ಟು ದಿನ ತುಳಿಯಬೇಕಾಗಿರಲಿಲ್ಲ. ಗುಡ್ಡದ ಏರಿನಲ್ಲಿ ನನ್ನ ಹೃದಯ ಪಟ್ಟೆಂದು ನಿಂತುಬಿಡುವುದನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೆಂದರೆ, ಶವ ಇಳಿಸಿ ತರಲು ಯಾವ ತಿರುವು ಅನುಕೂಲ ಎಂಬುದೂ ತೀರ್ಮಾನವಾಗಿತ್ತು.

ಕೊನೆಗೆ ಅಂಗಡಿಯ ಯಜಮಾನರೇ ಪರಿಹಾರ ಸೂಚಿಸಿದರು. ಸೈಕಲ್ ಒಂದು, ಚಕ್ರ ಎರಡು ಜೊತೆ. ಡಾಂಬರಿಗೆ ತೆಳು ಜೊತೆ, ಮಣ್ಣಿಗೆ ದಪ್ಪ ಜೊತೆ. ಬೇಕಾದಾಗ ಬಿಚ್ಚಿ ಹಾಕಿಕೊಳ್ಳುವುದು.

"ಚಕ್ರ ಇರಲಿ ಸಾರ್, ಮೊದಲು ನಿಮ್ಮ ಕೈಕಾಲಿನ ಅಳತೆ ತಗೊಳ್ಳೋಣ. ಫ್ರೇಮು ಮೈಗೆ ಸರಿಹೊಂದಬೇಕು" ಎಂದು ಅವರು ಟೇಪು ತೆಗೆದರು.

ಅಳತೆ ಇಲಾಖೆಯವನಿಗೇ ಅಳತೆ! "ಅದೆಲ್ಲ ನನಗೆ ಗೊತ್ತು" ಎಂದು ಗಂಭೀರವಾಗಿ ಹೇಳಿ, ಅಂಗಡಿಯಲ್ಲಿದ್ದ ಅತಿ ದೊಡ್ಡ ಫ್ರೇಮು ತೋರಿಸಿದೆ.

ಮುಂದಿನ ಶನಿವಾರ ಮುಹೂರ್ತ. ದಪ್ಪ ಚಕ್ರ ಕೂರಿಸುವಷ್ಟರಲ್ಲಿ ಹತ್ತೂವರೆಯಾಯಿತು, ಹಜಾರದ ಗೋಡೆಗೆ ಗ್ರೀಸಾಯಿತು. ಡಾಂಬರಿನ ಎರಡು ಮೈಲಿಗೆ ತೆಳು ಚಕ್ರ ಹಾಕಿ, ದಪ್ಪದ್ದನ್ನು ಜೊತೆಗೆ ಒಯ್ಯಬಹುದೇ ಎಂದು ಕೇಳಿದೆ.

"ಬೆನ್ನಿಗೆ ಚಕ್ರ ಕಟ್ಕೊಂಡು ಹೋಗ್ತೀರಾ? ಹೊರಡ್ರೀ ಸುಮ್ನೆ. ನಾನೂ ಬರ್ತೀನಿ, ಒಬ್ಬರನ್ನೇ ಬಿಡಲ್ಲ" ಎಂದು ತನ್ನ ಬುಟ್ಟಿ ಸೈಕಲ್ಲು ಹೊರಗೆ ತೆಗೆದಳು.

ಡಾಂಬರು ಮುಗಿಯುವಷ್ಟರಲ್ಲೇ ನನ್ನ ನಾಲಿಗೆ ಹೊರಗೆ ಬಂದಿತ್ತು. ಹ್ಯಾಂಡಲ್ಲು ಎಷ್ಟು ದೂರ ಇತ್ತೆಂದರೆ ನಾನು ಸೈಕಲ್ಲಿನ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಹರಡಿಕೊಂಡಿದ್ದೆ. ಗುಡ್ಡದ ಏರಿನಲ್ಲಿ ಹೆಂಡತಿ ನೂರು ಮಾರು ಮುಂದೆ. ಆಗ ಬಂತು. ಎಡಗಡೆ ಎದೆಯಲ್ಲಿ, ಯಾರೋ ಇಕ್ಕಳ ಹಾಕಿ ಹಿಂಡಿದ ಹಾಗೆ.

ಸೈಕಲ್ ಒಂದು ಕಡೆ, ನಾನೊಂದು ಕಡೆ. ಅವಳು ಓಡಿ ಬಂದಳು. ಮುಖ ಬಿಳಿಚಿತ್ತು. ಫೋನು ಮೇಲೆತ್ತಿ ಸಿಗ್ನಲ್ಲಿಗಾಗಿ ಸುತ್ತ ತಿರುಗುತ್ತಿದ್ದಳು.

"ಫೋನು ಬಿಡೇ. ಇಲ್ಲಿ ಬಾ. ಹೋಗೋ ಮುಂಚೆ ಒಂದು ಮಾತು ಹೇಳ್ಬೇಕು."

"ಮಾತಾಡ್ಬೇಡಿ ನೀವು. ಉಸಿರಾಡಿ."

"ಹನ್ನೊಂದು ವರ್ಷದ ಹಿಂದೆ ನಿನಗೊಂದು ಕಾಗದ ಬಂದಿತ್ತು. ಹೆಡ್‌ಮಿಸ್ ಕೆಲಸ. ಬೇರೆ ಊರಲ್ಲಿ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸ್ಬೇಕಿತ್ತು."

ಅವಳು ಫೋನು ಕೆಳಗಿಳಿಸಿದಳು.

"ನಾನೇ ಸೈನ್ ಮಾಡಿ ತಗೊಂಡೆ. ನೀನು ಹೋದ್ರೆ ನಾನು ಒಬ್ಬನೇ ಆಗ್ತೀನಿ ಅಂತ… ಆಫೀಸಲ್ಲಿ ಒಂದು ಹಳೇ ಫೈಲೊಳಗೆ ಸೇರಿಸ್ಬಿಟ್ಟೆ. ಕ್ಷಮಿಸ್ಬಿಡು ಕಣೇ."

ಆ ಕೆಲಸ ಅವಳಿಗಿಂತ ಆರು ವರ್ಷ ಕಿರಿಯಳೊಬ್ಬಳಿಗೆ ಹೋಯಿತು. ಆ ವರ್ಷವೆಲ್ಲ ನನ್ನವಳು "ನನ್ನ ಪಾಠದಲ್ಲೇ ಏನೋ ಕೊರತೆ ಇರ್ಬೇಕು" ಎಂದು ತನ್ನ ಟಿಪ್ಪಣಿಗಳನ್ನೆಲ್ಲ ಮೊದಲಿನಿಂದ ಬರೆದಳು. ನಾನು ಪಕ್ಕದಲ್ಲಿ ಕೂತು, "ಹೋಗ್ಲಿ ಬಿಡು, ಅವರಿಗೆ ನಿನ್ನ ಬೆಲೆ ಗೊತ್ತಿಲ್ಲ" ಎಂದು ಸಮಾಧಾನ ಹೇಳಿದೆ. ಆ ಸಮಾಧಾನಕ್ಕಾಗಿ ಅವಳು ನನಗೆ ಕೃತಜ್ಞಳಾಗಿದ್ದಳು. ಅದನ್ನೂ ಹೇಳಿದೆ. ಎಲ್ಲ ಹೇಳಿ, ಹಗುರಾಗಿ, ಕಣ್ಣು ಮುಚ್ಚಿದೆ.

ಸಾವು ಬರಲಿಲ್ಲ.

ಐದು ನಿಮಿಷ ಕಾದೆ. ಮಲಗಿದ್ದಕ್ಕೋ ಏನೋ, ನೋವು ಇಳಿಯುತ್ತ ಬಂತು. ಹತ್ತು ನಿಮಿಷಕ್ಕೆ ಬೆನ್ನ ಕೆಳಗಿನ ಕಲ್ಲು ಚುಚ್ಚತೊಡಗಿತು. ಹೊರಟವನಿಗೆ ಕಲ್ಲು ಚುಚ್ಚುವುದಿಲ್ಲ ಎಂಬ ಭಯಂಕರ ಸತ್ಯ ಆಗ ಹೊಳೆಯಿತು. ಒಂದೇ ಒಂದು ಕಣ್ಣು ತೆರೆದೆ. ಅವಳು ಒಂದು ಬಂಡೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ.

"ಈಗ ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ" ಎಂದೆ.

"ಏಳು" ಎಂದಳು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅದು ಮೊದಲ ಏಕವಚನ.

ಜಲ್ಲಿ ಸಾಗಿಸುವ ಲಾರಿಯೊಂದನ್ನು ಅಡ್ಡಹಾಕಿ ನಿಲ್ಲಿಸಿದಳು. ಎರಡು ಸೈಕಲ್ಲು ಜಲ್ಲಿಯ ಮೇಲೆ, ನಾವಿಬ್ಬರು ಡ್ರೈವರ್ ಪಕ್ಕದಲ್ಲಿ. ದಾರಿಯುದ್ದಕ್ಕೂ ಲಾರಿ ಮಾತ್ರ ಮಾತಾಡಿತು. ನಾನು ಎರಡು ಸಲ "ಆವತ್ತಿನ ಪರಿಸ್ಥಿತಿ ಹೇಗಿತ್ತು ಅಂದ್ರೆ" ಎಂದು ಶುರುಮಾಡಿ, ಅವಳ ಮುಖ ನೋಡಿ, ಪರಿಸ್ಥಿತಿಯನ್ನು ಅಲ್ಲಿಗೇ ಬಿಟ್ಟೆ.

ಡಾಕ್ಟರಮ್ಮ ಎದೆಗೆಲ್ಲ ವೈರು ಅಂಟಿಸಿ, ಯಂತ್ರದಿಂದ ಹೊರಬಂದ ಕಾಗದವನ್ನು ಮಾರುದ್ದ ಎಳೆದು ಓದಿದರು. ಇನ್ನೆರಡು ಪರೀಕ್ಷೆ ಮಾಡಿಸಿದರು. ಸಂಜೆ ಐದರ ಹೊತ್ತಿಗೆ ಮುಗುಳ್ನಕ್ಕರು. ಆ ನಗು ನೋಡಿ ನನ್ನ ಜೀವ ಹಾರಿತು.

"ಇದು ಎದೆಯ ಸ್ನಾಯು ಎಳೆದಿರೋದು, ಅಷ್ಟೇ. ಸೈಕಲ್ ನಿಮ್ಮ ಮೈಗೆ ದೊಡ್ಡದಾಗಿದೆ, ಚಿಕ್ಕದು ತಗೊಳ್ಳಿ. ಹೃದಯಕ್ಕೆ ಏನೂ ಆಗಿಲ್ಲ."

"ಸರಿಯಾಗಿ ನೋಡಿದ್ರಾ ಡಾಕ್ಟರೇ?" ಎಂದೆ. ಎಲ್ಲಾದರೂ ಒಂದು ಚೂರು ಕಾಯಿಲೆ ಇದ್ದಿದ್ದರೆ ಕರುಣೆಗೆ ಆಧಾರವಾಗುತ್ತಿತ್ತು.

"ನೋಡಿದೆ. ಅಪ್ಪ, ಅಣ್ಣ ಅಂತ ಹೆದರ್ಕೋಬೇಡಿ. ನೀವು ಇನ್ನೂ ಮೂವತ್ತು ವರ್ಷ ಗಟ್ಟಿಮುಟ್ಟಾಗಿ ಬದುಕ್ತೀರಿ."

ಮೂಲೆಯ ಸ್ಟೂಲಿನಿಂದ ಹೆಂಡತಿ ಎದ್ದು ಬಂದಳು. ನನ್ನ ಮಂಚದ ಸರಳು ಹಿಡಿದು ನಿಂತಳು. ಗುಡ್ಡ ಇಳಿದ ಮೇಲೆ ಆಡಿದ ಮೊದಲ ಮಾತು ಅದು.

"ಮೂವತ್ತು ಸಾಕಾಗಲ್ಲ ಡಾಕ್ಟರೇ. ಇನ್ನೂ ಜಾಸ್ತಿ ಬದುಕೋ ಹಾಗೆ ಏನಾದ್ರೂ ಕೊಡಿ."

ಡಾಕ್ಟರಮ್ಮನ ಕಣ್ಣು ತುಂಬಿ ಬಂತು. ಕನ್ನಡಕ ತೆಗೆದು ಒರೆಸಿಕೊಂಡರು.

"ಕೇಳಿದ್ರಾ? ಇಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರ್ಬೇಕು ನೀವು."

ವೈರುಗಳ ನಡುವೆ ಮಲಗಿದ್ದ ಹಾಗೇ ನಾನು ಹೌದೆಂದು ತಲೆಯಾಡಿಸಿದೆ.