ರೊಟ್ಟಿ ಬಡಿದ ಮಾವ

ನಮ್ಮ ಸೋದರಮಾವ ಅರ್ಧ ಆಯುಷ್ಯ ಕಳೆಯುವವರೆಗೆ ಒಂದೇ ಒಂದು ಕೆಲಸವನ್ನೂ ಕೆಡಿಸಿದವರಲ್ಲ. ಕೆಡಿಸಬೇಕಾದರೆ ಮೊದಲು ಮಾಡಬೇಕಲ್ಲ!

ಮುಂಡರಗಿಯ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯ ಕಟ್ಟೆಯೇ ಅವರ ಕಚೇರಿ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಅಲ್ಲಿ ಕುಳಿತರೆ ಊಟದ ಹೊತ್ತಿಗೆ ಏಳುತ್ತಿದ್ದರು. ಉಂಡು, ತುಂಬಾ ದಣಿದವರಂತೆ ಮಲಗುತ್ತಿದ್ದರು. ಏನಾದರೂ ಉದ್ಯೋಗ ಹಿಡಿಯಬಾರದೇ ಎಂದರೆ, "ಕಚೇರಿ ಎಲ್ಲಾ ಧಾರವಾಡದಾಗ ಅದಾವಲೇ. ನೌಕರಿ ನನ್ನ ಹುಡಿಕ್ಕೊಂಡು ಇಲ್ಲಿತನಕ ಹೆಂಗ ಬರಬೇಕು?" ಎನ್ನುತ್ತಿದ್ದರು. ಮುಂದೆ ಗದಗ ಬೇರೆ ಜಿಲ್ಲೆಯಾಗಿ ಕಚೇರಿಗಳು ಹತ್ತಿರವೇ ಬಂದವು. ಜಿಲ್ಲೆಗಿಂತ ಹೆಚ್ಚಾಗಿ ನಾವು ಮಾವನಿಗಾಗಿ ಸಂತೋಷಪಟ್ಟೆವು. ಮಾವ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. "ಜಿಲ್ಲಾ ಇನ್ನೂ ಹೊಸದೈತಿ. ಸ್ವಲ್ಪ ನೆಟ್ಟಗ ಕುಂಡ್ರಲಿ," ಎಂದರು. ಅದಕ್ಕೆ ಜೊತೆಯಾಗಿ ತಾವೂ ಕುಳಿತರು.

ಮನೆ ನಡೆಯುತ್ತಿದ್ದುದು ಅತ್ತೆಯ ಕೈಯಿಂದ. ಅವರು ಬಡಿಯುವ ಜೋಳದ ಖಡಕ್ ರೊಟ್ಟಿ ಸುತ್ತಲಿನ ಮದುವೆಮನೆಗಳಿಗೆಲ್ಲ ಬೇಕು. ಒಮ್ಮೆ ಕೊರ್ಲಹಳ್ಳಿಯ ಮದುವೆಯೊಂದಕ್ಕೆ ರೊಟ್ಟಿ ಒಪ್ಪಿಕೊಂಡ ಮೇಲೆ ಅತ್ತೆ ನಳದ ಹತ್ತಿರ ಜಾರಿಬಿದ್ದು ಬಲಗೈ ಮುರಿದುಕೊಂಡರು. ಸುದ್ದಿ ಕೇಳಿ ನಾನು ಗದಗಿನಿಂದ ಓಡಿಹೋದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಅತ್ತೆ ಅಳುತ್ತಿದ್ದರು. ಕೈಗಾಗಿ ಅಲ್ಲ, ಕೊಟ್ಟ ಮಾತಿಗಾಗಿ. ಲಗ್ನದ ಹಂಗಾಮು ಅದು. ಊರಿನಲ್ಲಿ ರೊಟ್ಟಿ ಬಡಿಯುವ ಯಾವ ಹೆಂಗಸಿನ ಕೈಯೂ ಖಾಲಿ ಇರಲಿಲ್ಲ.

"ಯಾಕ, ಮನ್ಯಾಗ ಎರಡ ಕೈ ಖಾಲಿ ಅದಾವಲ್ಲ," ಎಂದರು ಬಳೆ ಮಾರುವ ಪಕ್ಕದ ಮನೆಯ ಹಸೀನಾಬಿ, ಮಾವನತ್ತ ನೋಡುತ್ತ.

ಅವರು ಅಂದದ್ದು ತಮಾಷೆಗೆ. ಆದರೆ ಮಾವ ನಗಲಿಲ್ಲ. ಹೆಂಡತಿಯ ಮುಖವನ್ನು ಒಮ್ಮೆ ನೋಡಿದರು. ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

"ಹಿಟ್ಟು ಎಲ್ಲಿರ್ತೈತಿ?" ಎಂದು ಕೇಳಿದರು. ಅಷ್ಟು ವರ್ಷ ಉಂಡು ಬೆಳೆದ ಮನೆಯಲ್ಲಿ!

ಅತ್ತೆ ಹೊರಸಿನ ಮೇಲೆ ಮಲಗಿದಲ್ಲಿಂದಲೇ ಹೇಳಿಕೊಡತೊಡಗಿದರು. ಬಿಸಿನೀರಿನ ಹಿಟ್ಟಿಗೆ ಕೈಯಿಟ್ಟ ಮಾವ ಅಂಗಳದವರೆಗೆ ಜಿಗಿದರು. ಪದ್ಮಾಸನ ಹಾಕಿ ಕುಳಿತರೆ ಕಾಲು ಜೋಮು ಹಿಡಿದು, ಏಳುವಾಗ ನಾನೇ ಎತ್ತಬೇಕಾಯಿತು. ಮೊದಲನೆಯ ರೊಟ್ಟಿ ಹೆಂಚಿನಿಂದ ಇಳಿದಾಗ ಹಸೀನಾಬಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಣ್ಣಾ, ಇದು ರೊಟ್ಟಿನೋ, ಹೊಸಾ ಜಿಲ್ಲಾದ ನಕಾಶೆನೋ? ನೋಡ್ರಿ, ಶಿರಹಟ್ಟಿ ಇಲ್ಲೈತಿ. ಮುಂಡರಗಿ ಸುಟ್ಟ ಕರಕಾಗೇತಿ."

ಮಾವ ಇನ್ನೊಂದು ಉಂಡೆ ಹಿಡಿದರು. ಕೆಟ್ಟ ರೊಟ್ಟಿಗಳೆಲ್ಲ ಸಾಲಾಗಿ ಹೋದದ್ದು ಓಣಿಯ ಎಮ್ಮೆಯ ಬಾಯಿಗೆ. ಎಮ್ಮೆ ಮೊದಲೆರಡು ದಿನ ಪ್ರೀತಿಯಿಂದ ತಿಂದಿತು. ಆಮೇಲೆ ಮಾವನನ್ನು ಕಂಡರೆ ಮುಖ ತಿರುವತೊಡಗಿತು. ಮನೆಯವರಿಗೆ ಹಸೀನಾಬಿಯ ಮನೆಯಿಂದ ಅನ್ನ ಸಾರು ಬರುತ್ತಿತ್ತು.

ಕಟ್ಟೆಯ ಗೆಳೆಯರು ಹುಡುಕಿಕೊಂಡು ಬಂದರು. "ಗಂಡಸಾಗಿ ರೊಟ್ಟಿ ಬಡಿಯಾಕ ಕುಂತೀಯಲೋ," ಎಂದು ನಕ್ಕರು.

"ಇಷ್ಟ ದಿನಾ ಗಂಡಸಾಗಿ ನಿಮ್ಮ ಜೋಡಿ ನೊಣಾ ಬಡದ್ನೆಲ್ಲ," ಎಂದರು ಮಾವ. "ಇದು ಅದಕ್ಕಿಂತ ದೊಡ್ಡದೈತಿ, ಕಣ್ಣಿಗೆ ಕಾಣ್ತೈತಿ. ಸರೀರಿ, ಗಾಳಿ ಬರಲಿ."

ಒಂದು ಮಧ್ಯಾಹ್ನ ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಮಾವ ಅದನ್ನು ಬಟ್ಟೆಯಲ್ಲಿ ಹಿಡಿದು, ಹುಟ್ಟಿದ ಕೂಸನ್ನು ತೋರಿಸುವಂತೆ ಓಣಿಯ ತುಂಬ ತೋರಿಸಿ ಬಂದರು. ಅದು ಆರಿ ಚಪ್ಪಟೆಯಾದ ಮೇಲೂ ತೋರಿಸಿದರು.

ಅಲ್ಲಿಂದ ಹಿಡಿದು ಅವರನ್ನು ತಡೆಯುವವರೇ ಇರಲಿಲ್ಲ. ನಸುಕಿನಲ್ಲೇ ಒಲೆ ಹೊತ್ತುತ್ತಿತ್ತು. ಅಂಗೈ ಕೆಂಪಗಾಗಿ ಬೊಬ್ಬೆ ಎದ್ದವು. ಕೊಬ್ಬರಿ ಎಣ್ಣೆ ಹಚ್ಚುತ್ತ ನಾನು, "ಸಾಕು ಮಾವ," ಎಂದೆ. "ನೋಯ್ತಾವು, ಖರೆ," ಎಂದರು. "ಆದರ ಮೊದಲ ಮುಂಜಾನೆ ಎದ್ದರ ಈ ದಿನಾ ಹೆಂಗ ಕಳೀಬೇಕಪಾ ಅನ್ನಿಸ್ತಿತ್ತು. ಈಗ ದಿನಾ ಸಾಲೂದಿಲ್ಲ ನೋಡು." ಅವರ ಬಾಯಿಂದ ಅಂಥ ಮಾತು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ರೊಟ್ಟಿ ಹೇಳಿದ ಹೊತ್ತಿಗೆ ತಯಾರಾಯಿತು. ಕೊನೆಕೊನೆಯವಂತೂ ಅತ್ತೆಯೇ ಬಡಿದಂತೆ ತೆಳ್ಳಗೆ, ದುಂಡಗೆ ಇದ್ದವು. ಮಾವ ಅವುಗಳ ಜೊತೆ ಟ್ರ್ಯಾಕ್ಟರ್ ಹತ್ತಿ ಕೊರ್ಲಹಳ್ಳಿಗೆ ಹೋದರು. ಹೋದವರು ಸುಮ್ಮನೆ ಉಂಡರೇ? ಪಂಕ್ತಿಯ ತುಂಬ ಓಡಾಡಿ ಒಬ್ಬೊಬ್ಬರ ಬಾಯಿಗೂ ಬಗ್ಗಿ, "ಹೆಂಗೈತ್ರಿ? ಅಂಚು ಬೆಂದಾವಲ್ರಿ? ಹಲ್ಲಿಗೆ ತ್ರಾಸ ಇಲ್ಲಲ್ರಿ?" ಎಂದು ಕೇಳಿದರು. ಹಿರಿಯರೊಬ್ಬರು ಕೈ ಮುಗಿದರು. "ರೊಟ್ಟಿ ಭಾಳ ಚಲೋ ಅದಾವ್ರಿ. ನೀವು ಆ ಕಡೆ ಹೋದ್ರ ಇನ್ನೂ ಚಲೋ ಅಕ್ಕಾವು."

ಮರುದಿನ ಮಾವ ಮನೆಯವರಿಗೆಂದೇ ಒಲೆ ಹೊತ್ತಿಸಿದರು. ಒಲೆಯ ಮುಂದೆ ಅತ್ತೆಗೂ ನನಗೂ ತಾಟು ಹಾಕಿದರು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ಅತ್ತೆಯ ತಾಟಿಗೆ ಬಂತು. ಅತ್ತೆ ಎಡಗೈಯಲ್ಲಿ ಮುರಿದರು. ಒಳಗಿನಿಂದ ಹಬೆ ಬಂತು. ಒಂದು ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿಬಿಟ್ಟರು.

ಮಾವನಿಗೆ ಗಾಬರಿ. "ಯಾಕ, ಹಸಿ ಉಳದೈತೇನು?"

ಅತ್ತೆ ತಲೆಯಾಡಿಸಿದರು. "ಇಲ್ಲ. ಈ ಮನಿಗೆ ಬಂದಾಗಿಂದ ನಾ ಬಿಸಿ ರೊಟ್ಟಿ ಉಂಡಿದ್ದಿಲ್ಲ. ಎಲ್ಲಾರಿಗೂ ನೀಡಿ ಕುಂಡ್ರೂದ್ರಾಗ ಆರಿರ್ತಿದ್ದವು."

ಮಾವ ಒಲೆಯೊಳಗೆ ಒಂದು ಕಟ್ಟಿಗೆ ಮುಂದೂಡಿದರು. ಆಮೇಲೆ ಇನ್ನೊಂದು ಉಂಡೆ ತೆಗೆದುಕೊಂಡು ಮೆಲ್ಲಗೆ ಬಡಿಯತೊಡಗಿದರು. ಅದು ಬೆಂದಾಗ ನಾನು ತಾಟು ಮುಂದೆ ಹಿಡಿದೆ.

"ತಡಿಯಲೇ," ಎಂದರು ಮಾವ. "ಅಕಿ ಉಣ್ಲಿ."