ಮನೆ ನೋಡುವ ಶಾಸ್ತ್ರ

ಶಾಂತಾದೇವಿಗೆ ಆ ದಿನ ಒದಗಿದ ಕಷ್ಟಕ್ಕೆಲ್ಲ ಮೂಲ ಒಂದು ಭಾಷಾಂತರ. ಸಮಾಜಕಾರ್ಯದ ಪದವಿ ತರಗತಿಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕಷ್ಟದಲ್ಲಿರುವವರ ಮನೆಗೇ ಹೋಗಿ ಸ್ಥಿತಿಗತಿ ವಿಚಾರಿಸುವುದಕ್ಕೆ ಅಲ್ಲಿ ‘ಹೋಂ ವಿಸಿಟ್’ ಎನ್ನುತ್ತಿದ್ದರು. ಉತ್ತರಹಳ್ಳಿಯ ಹೆಂಗಸರಿಗೆ ಇದು ಅರ್ಥವಾಗುವುದಿಲ್ಲವೆಂದು ಅವಳು ಮುಂಚಿತವಾಗಿಯೇ ತೂಗಿ ನೋಡಿ, ಸರಳವಾದ ಕನ್ನಡ ಮಾಡಿಕೊಂಡಿದ್ದಳು: ‘ಮನೆ ನೋಡೋಕೆ ಬಂದಿದ್ದೀವಿ.’

ಇದು ಅವಳ ಕೊನೆಯ ಅವಕಾಶ. ಹಿಂದಿನ ಎರಡು ವರದಿಗಳನ್ನು ಅಧ್ಯಾಪಕಿ ನೀಲಗಂಗಮ್ಮ ಹಿಂದಿರುಗಿಸಿದ್ದರು. “ಗೋಡೆ ಹೇಗಿದೆ, ಸೂರು ಹೇಗಿದೆ ಅಂತ ಬರ್ದಿದೀಯ. ಒಳಗಿರೋರು ಏನಂದ್ರು?” ಒಳಗಿದ್ದವರು ಏನೂ ಅಂದಿರಲಿಲ್ಲ. ಮೂರನೆಯದು ಚೆನ್ನಾಗಿದ್ದರೆ ಒಂದು ಸೇವಾಸಂಸ್ಥೆಯ ಕೆಲಸಕ್ಕೆ ಅವಳ ಹೆಸರು ಹೇಳುವುದಾಗಿ ಮಾತು ಕೊಟ್ಟಿದ್ದರು.

ಜಯನಗರದ ಮನೆಯಲ್ಲಿ ತಂದೆ ಗಂಗಾಧರಯ್ಯನವರ ಮಾತು ಇನ್ನೂ ಸ್ಪಷ್ಟವಾಗಿತ್ತು. “ಕೆಲಸ ಸಿಕ್ತು ಅನ್ನು, ನಾನು ಮದುವೆ ಮಾತು ಎತ್ತಲ್ಲ. ಸಿಗ್ಲಿಲ್ವೋ, ಬಂದ ಗಂಡಿಗೆ ಹೂಂ ಅನ್ಬೇಕು. ಈ ವಾರದಲ್ಲಿ ಯಾರೋ ನೋಡೋಕೆ ಬರ್ತಾರಂತೆ.”

ಒಬ್ಬಳನ್ನೇ ಹಳ್ಳಿಗೆ ಕಳಿಸಲು ಅವರು ಒಪ್ಪಲಿಲ್ಲ. ಸೋದರಮಾವ ರಾಮಯ್ಯನವರು ಜೊತೆಗೆ ಹೊರಟರು. ಪೋಸ್ಟ್ ಮಾಸ್ಟರಾಗಿ ನಿವೃತ್ತರಾದವರು. ಕರೀ ಕೋಟು, ಜರಿಯಂಚಿನ ಪೇಟ, ಕೈಯಲ್ಲಿ ಕೊಡೆ. ಬನಶಂಕರಿ ದೇವಸ್ಥಾನದವರೆಗೆ ಬಸ್ಸು, ಅಲ್ಲಿಂದ ಬಿಸಿಲಲ್ಲಿ ನಡಿಗೆ.

ಉತ್ತರಹಳ್ಳಿಯ ಚಿಕ್ಕಬೈರಪ್ಪ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದ್ದ. ದುಡಿಯುವವನು ಹಾಸಿಗೆ ಹಿಡಿದ ಮೇಲೆ ಸಂಸಾರ ಹೇಗೆ ನಡೆಯುತ್ತಿದೆ ಎಂದು ತಿಳಿದುಕೊಂಡು ಬರುವುದು ಅವಳ ಕೆಲಸ. ಬಾಗಿಲಲ್ಲಿ ಅವನ ಹೆಂಡತಿ ಮುನಿವೆಂಕಟಮ್ಮ ನಿಂತಿದ್ದಳು.

“ಮನೆ ನೋಡೋಕೆ ಬಂದಿದ್ದೀವಮ್ಮ,” ಎಂದಳು ಶಾಂತಾದೇವಿ.

ಮುನಿವೆಂಕಟಮ್ಮನ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಬೆಳಗಿತು. “ಬನ್ನಿ ಬನ್ನಿ. ಆನೇಕಲ್ ಬಸ್ಸು ತಡವಾಯ್ತೇನೋ ಅಂದ್ಕೊಂಡ್ವಿ. ಏ ಸಿದ್ದಗಂಗಿ, ಚಾಪೆ ತಾರೇ.”

ಪಕ್ಕದ ಮನೆಯ ಸಿದ್ದಗಂಗಮ್ಮ ಚಾಪೆ ತಂದಳು. ಅವಳ ಹಿಂದೆಯೇ ಬೀದಿಯ ಅರ್ಧ ಹೆಂಗಸರು ಬಂದು ಜಗಲಿ ತುಂಬಿದರು. ಆನೇಕಲ್ ಯಾಕೆ ಬಂತೆಂದು ಶಾಂತಾದೇವಿಗೆ ತಿಳಿಯಲಿಲ್ಲ. ಆದರೆ ಇಷ್ಟು ಬೇಗ ಯಾರೂ ಅವಳನ್ನು ನಂಬಿರಲಿಲ್ಲ. ಕೇಳಿ ಕೆಡಿಸುವುದು ಬೇಡವೆನ್ನಿಸಿತು.

“ಜೀವನಕ್ಕೆ ಏನಿದೆ?” ಎಂದು ಅವಳು ಮೆಲ್ಲಗೆ ಶುರು ಮಾಡಿದಳು.

“ನಮ್ಗೇನು ಕಮ್ಮಿ? ಕೆರೆ ಕೆಳಗೆ ಗದ್ದೆ ಐತೆ, ರಾಗಿ ಹೊಲ ಐತೆ. ಎಮ್ಮೆ ನೋಡಿ, ಅಲ್ಲೇ ಕಟ್ಟಿವ್ನಿ.”

ಎಮ್ಮೆಯನ್ನು ಸಿದ್ದಗಂಗಮ್ಮ ಆಗತಾನೆ ತಂದು ಗೂಟಕ್ಕೆ ಬಿಗಿಯುತ್ತಿದ್ದಳು. ಅದು ತನ್ನ ಮನೆಯ ಕಡೆಗೇ ತಿರುಗಿ ನಿಂತು, ತವರು ನೆನೆಸಿಕೊಂಡ ಹೊಸ ಸೊಸೆಯಂತೆ ಕೂಗುತ್ತಿತ್ತು.

“ಮನೇಲಿ ಕುಡಿಯೋ ಅಭ್ಯಾಸ?”

“ಮಜ್ಜಿಗೆ ಬಿಟ್ರೆ ಏನೂ ಇಲ್ಲ,” ಎಂದು ಜಗಲಿಯಿಂದ ನಾಲ್ಕು ದನಿಗಳು ಒಟ್ಟಿಗೆ ಬಂದವು.

“ಯಜಮಾನರ ಕಾಲು ಈಗ ಹೇಗಿದೆ?”

ಮುನಿವೆಂಕಟಮ್ಮ ತಡವರಿಸಿದಳು. “ಕಾಲಾ? ಕಾಲಿಗೇನು? ಗುಂಡುಕಲ್ಲು ಇದ್ದಂಗವ್ರೆ. ಕೋಣನಕುಂಟೆಗೆ ನಡ್ಕೊಂಡೇ ಹೋಗವ್ರೆ.”

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಸಿದ್ದಗಂಗಮ್ಮ ಕೂಡಲೇ ಅದಕ್ಕಿಂತ ಜೋರಾಗಿ ಕೆಮ್ಮಿ, “ಧೂಳು,” ಎಂದಳು.

ಮುನಿವೆಂಕಟಮ್ಮ ಬಿಸಿ ಹಾಲು ತಂದಿಟ್ಟು, ರಾಮಯ್ಯನವರ ಕಡೆ ತಿರುಗಿದಳು. “ಹುಡುಗಿಗೆ ಎಷ್ಟು ವಯಸ್ಸು ಸ್ವಾಮಿ?”

ತಮ್ಮ ಸೋದರಸೊಸೆಯ ವಿಷಯ ಕೇಳುತ್ತಿದ್ದಾರೆಂದು ರಾಮಯ್ಯನವರಿಗೆ ಖುಷಿಯಾಯಿತು. “ಇಪ್ಪತ್ತೆರಡು. ಬಿ.ಎ. ಮುಗಿಸಿ ಇನ್ನೂ ಓದ್ತಾ ಇದಾಳೆ.”

“ಅಷ್ಟೊಂದಾ? ರಾಗಿ ಬೀಸ್ತಾಳಾ?”

“ಬೀಸಿದ್ದನ್ನ ನಾನಂತೂ ನೋಡಿಲ್ಲ.”

“ಕಲ್ತ್ಕೋತಾಳೆ ಬುಡಿ. ನಮ್ ಬೈರಣ್ಣ ಒರಟನಲ್ಲ.”

ಹಾಲಿನ ಲೋಟ ಶಾಂತಾದೇವಿಯ ಕೈಯಲ್ಲಿ ಹಾಗೇ ನಿಂತಿತು. ಬೈರಣ್ಣ ಎಂದರೆ ಮಗ. ಮಗನಿಗೆ ಹೆಣ್ಣು ಕೊಡುವವರು ಆನೇಕಲ್ಲಿನಿಂದ ಮನೆ ನೋಡಲು ಬರಬೇಕಾಗಿತ್ತು. ಆಸ್ತಿ, ಕಾಯಿಲೆ, ಕುಡಿತ ಎಂದು ತಾನು ಕೇಳಿದ್ದೆಲ್ಲ ಹೆಣ್ಣಿನ ಕಡೆಯವರು ಕೇಳುವುದೇ. ಸುಮ್ಮನೆ ಎದ್ದುಹೋದರೆ ಕೇಳಿದ್ದಷ್ಟನ್ನೇ ಬರೆದು ವರದಿ ಉಳಿಸಿಕೊಳ್ಳಬಹುದು, ಆದರೆ ಈ ಹೆಂಗಸು ಎಷ್ಟು ದಿನ ದಾರಿ ಕಾಯುತ್ತಾಳೋ.

“ಅಮ್ಮ, ನಾವು ಹೆಣ್ಣಿನ ಕಡೆಯವರಲ್ಲ. ಕಾಲೇಜಿನಿಂದ ಬಂದಿದ್ದೀವಿ. ನಿಮ್ಮ ಕಷ್ಟಸುಖ ತಿಳ್ಕೊಂಡು ಹೋಗೋಕೆ. ತಪ್ಪಾಯ್ತು.”

ಮುನಿವೆಂಕಟಮ್ಮ ಹಾಲಿನ ಲೋಟವನ್ನೂ ಅವಳ ಮುಖವನ್ನೂ ನೋಡಿದಳು. “ಕಷ್ಟಸುಖ ಬರ್ಕೊಂಡ್ರೆ ಸರ್ಕಾರದಿಂದ ಏನಾರ ಕೊಡ್ತಾರಾ?”

“ಹೇಳೋಕಾಗಲ್ಲಮ್ಮ.”

“ಕೊಡದೆ ಏನು, ಇಷ್ಟು ದೂರ ಬಂದವ್ರೆ,” ಎಂದಳು ಸಿದ್ದಗಂಗಮ್ಮ. ಹೋಗಿ ಎಮ್ಮೆಯನ್ನು ಬಿಚ್ಚಿದಳು. ಅದು ಯಾರ ಅಪ್ಪಣೆಗೂ ಕಾಯದೆ ತನ್ನ ಮನೆ ಸೇರಿತು. ಮುನಿವೆಂಕಟಮ್ಮನ ಬಾಯಲ್ಲಿ ಗದ್ದೆ ಗುತ್ತಿಗೆಯದಾಯಿತು, ಹೊಲ ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಸೇರಿತು. ಕೋಣನಕುಂಟೆಗೆ ಹೋಗಿದ್ದ ಚಿಕ್ಕಬೈರಪ್ಪ ಒಳಕೋಣೆಯಿಂದಲೇ ದೊಣ್ಣೆ ಊರಿಕೊಂಡು ಹೊರಗೆ ಬಂದ.

“ಕುಂಟ ಮಾವ ಅಂದ್ರೆ ಹೆಣ್ಣು ಕೊಡಾಕಿಲ್ಲ ಅಂತ ಮೂಲೇಲಿ ಕೂರ್ಸವ್ಳೆ ಕಣವ್ವ,” ಎಂದು ಚಾಪೆಯ ತುದಿಯಲ್ಲಿ ಕುಳಿತ. “ಉಸಿರು ಬುಡ್ಬೇಡ ಅಂದವ್ಳೆ. ಕೆಮ್ಮು ಕೇಳ್ತದಾ?”

ಯಾರೂ ನಗಲಿಲ್ಲ. ಮುನಿವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗಂಡಹೆಂಡಿರಿಬ್ಬರೂ ಹೇಳಿದ್ದರಲ್ಲಿ ಎಮ್ಮೆಯೂ ಇರಲಿಲ್ಲ, ಸರ್ಕಾರವೂ ಇರಲಿಲ್ಲ. ಶಾಂತಾದೇವಿ ತಲೆ ತಗ್ಗಿಸಿ ಕೇಳಿದಳು.

ಮಧ್ಯಾಹ್ನ ಕಾಲೇಜಿನ ಬೆಂಚಿನ ಮೇಲೆ ಕುಳಿತು ಮೂರು ಮಾತುಗಳನ್ನೂ ಬರೆದಳು: ಬೀಗರಿಗೆ ಹೇಳಿದ್ದು, ಸರ್ಕಾರಕ್ಕೆ ಹೇಳಿದ್ದು, ಕೊನೆಗೆ ಹೇಳಿದ್ದು. ತನ್ನ ತಪ್ಪನ್ನೂ ಬಿಡಲಿಲ್ಲ. ನೀಲಗಂಗಮ್ಮ ಓದಿ ಮುಗಿಸಿ ಕನ್ನಡಕ ತೆಗೆದರು.

“ಇವತ್ತು ನೀನು ಒಂದು ಮನೆಯೊಳಗೆ ಹೋಗಿ ಬಂದೆ. ಸಂಸ್ಥೆಯವರಿಗೆ ಈಗಲೇ ಫೋನ್ ಮಾಡ್ತೀನಿ. ಮುಂದಿಂದು ಅವರೇ ವಿಚಾರಿಸ್ಕೋತಾರೆ.”

ಸಂಜೆ ಕಾಲಿಗೆ ನೆಲ ತಾಗದವಳಂತೆ ಮನೆಗೆ ಬಂದರೆ, ಹಜಾರದಲ್ಲಿ ಅಪರಿಚಿತರಿಬ್ಬರು ಕುಳಿತಿದ್ದರು. ಬಿಳೀ ಸೀರೆಯುಟ್ಟ ಹಿರಿಯ ಹೆಂಗಸು, ಪಕ್ಕದಲ್ಲಿ ಮುಚ್ಚುಕೊರಳಿನ ಕೋಟು ತೊಟ್ಟ ಗಂಡಸು. ಗಂಗಾಧರಯ್ಯನವರು ಮಡಿಸಿಟ್ಟ ಶಲ್ಯ ತೆಗೆದು ಹೊದ್ದಿದ್ದರು. ತಟ್ಟೆಯಲ್ಲಿ ಉಪ್ಪಿಟ್ಟು ಹಬೆಯಾಡುತ್ತಿತ್ತು.

“ಬಾಮ್ಮ,” ಎಂದರು ಹಿರಿಯಾಕೆ. “ಮನೆ, ಮನೆಯವರು, ನಿನ್ನನ್ನ, ಎಲ್ಲ ನೋಡ್ಕೊಂಡು ಹೋಗೋಣ ಅಂತ ಬಂದ್ವಿ.”

ಗಂಡಿನ ಕಡೆಯವರೆಂದು ಶಾಂತಾದೇವಿ ತಿಳಿದಳು. ಕೆಲಸ ಕೈಗೆ ಬರುವ ಹೊತ್ತಿಗೇ ವಧುಪರೀಕ್ಷೆ. ಇವರೇ ಬೇಡವೆಂದು ಎದ್ದುಹೋದರೆ ಅಪ್ಪನಿಗೆ ಎದುರು ಮಾತಾಡಬೇಕಿಲ್ಲ.

“ಇವಳ ಓದು ಸುಮ್ನೆ ಹೊತ್ತು ಹೋಗೋಕೆ,” ಎಂದು ಗಂಗಾಧರಯ್ಯ ನಕ್ಕರು. “ನಾಳೆ ಬಿಡು ಅಂದ್ರೆ ಬಿಟ್ಟುಬಿಡ್ತಾಳೆ.”

ಹಿರಿಯಾಕೆ ಹುಬ್ಬು ಗಂಟಿಕ್ಕಿದರು. “ಹೌದೇನಮ್ಮ? ಇರಲಿ. ಹಳ್ಳೀಲಿ ಇರಬೇಕಾಗಿ ಬಂದ್ರೆ?”

“ಹಳ್ಳಿ ನನಗಾಗಲ್ಲ.”

“ಹಾಸಿಗೆ ಹಿಡಿದೋರು, ವಯಸ್ಸಾದೋರು ಇರ್ತಾರೆ. ಆರೈಕೆ ಮಾಡಬೇಕಾಗುತ್ತೆ.”

“ಅಸಹ್ಯ ಆಗುತ್ತೆ.”

“ನಾಲ್ಕು ಜನರ ಜೊತೆ ಹೊಂದ್ಕೊಂಡು ಹೋಗ್ತೀಯಾ?”

“ಇಲ್ಲ. ಕೋಪ ಜಾಸ್ತಿ. ಹಿರಿಯರ ಮಾತು ಕೇಳೋ ಅಭ್ಯಾಸವೂ ಇಲ್ಲ.”

ಗಂಗಾಧರಯ್ಯನವರ ಶಲ್ಯ ಹೆಗಲಿನಿಂದ ಜಾರಿತು. ಹಿರಿಯಾಕೆ ನಿಧಾನವಾಗಿ ಎದ್ದರು. “ನೇರವಾಗಿ ಹೇಳಿದ್ದಕ್ಕೆ ಸಂತೋಷ. ನೀಲಗಂಗಮ್ಮನವರು ಫೋನಿನಲ್ಲಿ ಅಷ್ಟು ಹೊಗಳಿದ್ರು ಅಂತ ಇವತ್ತೇ ಓಡಿ ಬಂದ್ವಿ. ಪರವಾಗಿಲ್ಲ. ನಮ್ಮ ಸಂಸ್ಥೆಗೆ ಬೇರೆ ಯಾರನ್ನಾದರೂ ನೋಡ್ತೀವಿ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ದರು. ಬೀದಿಯ ತುದಿಯವರೆಗೆ ಹಿಂದೆ ಓಡಿ ವಿವರಿಸಿದಳು. ಹಿರಿಯಾಕೆ ತಾಳ್ಮೆಯಿಂದ ಕೇಳಿ, “ಕೋಪ ಬೇಗ ಇಳಿಯುತ್ತೆ ಅಂತ ಕಾಣುತ್ತೆ, ಒಳ್ಳೇದು,” ಎಂದು ಹೇಳಿ ಹೊರಟುಹೋದರು.

ಮರಳಿ ಬಂದಾಗ ಗಂಗಾಧರಯ್ಯ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತ ಕುಳಿತಿದ್ದರು. “ಅಂದ್ರೆ ಇವರು ಗಂಡಿನ ಕಡೆಯವರಲ್ಲ,” ಎಂದರು. ದನಿಯಲ್ಲಿ ನೆಮ್ಮದಿಯಿತ್ತು.

ಗೇಟು ಕಿರುಗುಟ್ಟಿತು. ಜರಿ ಪಂಚೆಯ ಗಂಡಸೊಬ್ಬರು, ಹಿಂದೆ ಹೆಂಗಸರ ಸಾಲು. ಈ ಸಲ ಶಾಂತಾದೇವಿ ಎಚ್ಚರಿಕೆಯಿಂದ ಬಾಗಿಲಿಗೇ ಹೋಗಿ, ಯಾರು, ಎಲ್ಲಿಂದ, ಏತಕ್ಕೆ ಎಂದು ಒಂದೊಂದಾಗಿ ಕೇಳಿದಳು.

“ಗಂಡಿನ ಕಡೆಯವರಮ್ಮ,” ಎಂದರು ಅವರು, ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ.

ತಂದೆ ಬೆನ್ನ ಹಿಂದೆಯೇ ನಿಂತಿದ್ದರು. ಹೇಳಿಕೊಳ್ಳಲು ಇದ್ದ ಕೆಟ್ಟ ಗುಣಗಳೆಲ್ಲ ಆಗಲೇ ಖರ್ಚಾಗಿಹೋಗಿದ್ದವು.