ಚುಕ್ಕಿ ಹೋಗುವವರೆಗೆ ಏಳಬಾರದು

ಮಕ್ಕಳೇ, ನಿಮ್ಮ ಸಣ್ಣಜ್ಜನಿಗೆ ಹುಚ್ಚು ಎಂದು ನಮ್ಮೂರು ಕಾಗಾಲದ ಜನ ಹೇಳುವುದು ನಿಮ್ಮ ಕಿವಿಗೂ ಬಿದ್ದಿರಬೇಕು. ನಂಬಬೇಡಿ. ಹುಚ್ಚಾಗಿದ್ದರೆ ಔಷಧವಾದರೂ ಇರುತ್ತಿತ್ತು! ಅವನಿಗಿರುವುದು ಒಂದು ಹಳೇ ಡಬ್ಬಿ ಟಿವಿ, ಕ್ಯಾಸೆಟ್ಟು ಓಡಿಸುವ ಒಂದು ವಿಸಿಆರ್, ಕಪಾಟು ತುಂಬ ಮದುವೆಯ ಕ್ಯಾಸೆಟ್ಟುಗಳು. ಜೊತೆಗೆ, ಕ್ಯಾಸೆಟ್ಟಿನೊಳಗಿನ ಜನ ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಾರೆ ಎಂಬ ಗಟ್ಟಿ ನಂಬಿಕೆ. ಅವನ ಟಿವಿಯ ಮುಂದೆ ಕೂತು ಯಾರ ಬಗ್ಗೆಯೂ ಕೆಟ್ಟದ್ದು ಆಡುವ ಹಾಗಿಲ್ಲ. ಹಾಗಾಗಿ ಊರಿನ ಹೆಂಗಸರು ಅಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ.

ನಾನು ಊರ ಶಾಲೆಯಲ್ಲಿ ಕಲಿತವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಇಂದಿಗೂ ನಾಚಿಕೆ. ಮದುವೆಮನೆಗಳಿಗೆ ಹಾಡಲು ಹೋದಾಗಲೂ ಹೆಂಗಸರ ಮೂಲೆ ಬಿಟ್ಟು ಹೊರಬಂದವಳಲ್ಲ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ ನೋಡಿ, ಆ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ಬೆನ್ನಿಗೆ ಹುಟ್ಟಿದ ತಮ್ಮ. ಒಂದು ಕಾಲದಲ್ಲಿ ಹೆಗಲ ಮೇಲೆ ಎಳೆಗರು ಹೊತ್ತ ಹಾಗೆ ಕ್ಯಾಮೆರಾ ಹೊತ್ತುಕೊಂಡು ಕುಮಟೆ, ಹೊನ್ನಾವರದ ಮದುವೆಗಳನ್ನೆಲ್ಲ ತೆಗೆದವನು. ಅವನು "ತಡೀರಿ!" ಎಂದರೆ ಭಟ್ಟರು ಮಂತ್ರ ನಿಲ್ಲಿಸುತ್ತಿದ್ದರು, ಮದುಮಗ ಎತ್ತಿದ ಕೈ ಇಳಿಸುತ್ತಿರಲಿಲ್ಲ. ಊರಿನವರ ಮದುವೆ ತೆಗೆಯುವ ಗಡಿಬಿಡಿಯಲ್ಲಿ ತನ್ನ ಮದುವೆಯನ್ನೇ ಮರೆತ. ಕೇಳಿದರೆ, "ನನ್ನ ಮದುವಿಗೆ ವಿಡಿಯೋ ಮಾಡೂರು ಯಾರು ಅತ್ಗೆ?" ಎನ್ನುತ್ತಾನೆ.

ನಿಮ್ಮ ಅಜ್ಜನ ಕೆಲಸ ಲೈಟು ಹಿಡಿಯುವುದು. ಗದ್ದೆಯ ಕೆಲಸ ಮುಗಿದು ಮದುವೆಯ ತಿಂಗಳುಗಳು ಬಂದವೆಂದರೆ, ತಮ್ಮನ ಬೆನ್ನ ಹಿಂದೆ ಹ್ಯಾಲೋಜನ್ ಲೈಟು ಎತ್ತಿ ಹಿಡಿದು ನಿಲ್ಲುತ್ತಿದ್ದರು. ಆ ಕೆಲಸದಲ್ಲಿ ಅವರೇನೂ ಚುರುಕಲ್ಲ ಎಂದು ಸಣ್ಣಜ್ಜ ಮನೆಗೆ ಬಂದ ಮೇಲೂ ಬಯ್ಯುವುದಿತ್ತು. ಅವರು ತಿರುಗಿ ಮಾತಾಡಿದವರಲ್ಲ. ಯಾರು ಏನು ಹೇಳಿದರೂ ಅವರದು ಒಂದೇ ಉತ್ತರ: "ಆತು." ಗಂಜಿಗೆ ಉಪ್ಪು ಹೆಚ್ಚಾಯಿತೆಂದರೂ ಆತು, ಗದ್ದೆಗೆ ಉಪ್ಪುನೀರು ನುಗ್ಗಿತೆಂದರೂ ಆತು. ಹೆಣ್ಣು ನೋಡಲು ಬಂದಾಗ ನನ್ನನ್ನು ನೋಡಿ ಅವರು ಹೇಳಿದ್ದೂ ಅಷ್ಟೇ!

ಲೈಟು ಹಿಡಿದವರು ಚಿತ್ರದಲ್ಲಿ ಬರುವುದಿಲ್ಲ. ತಾಲೂಕಿನ ಮುಖಗಳೆಲ್ಲ ಅವರ ಬೆಳಕಿನಲ್ಲಿ ಉಳಿದವು, ಅವರದೊಂದು ಉಳಿಯಲಿಲ್ಲ. ಫೋನಿನಲ್ಲಿ ವಿಡಿಯೋ ಮಾಡುವ ಕಾಲ ಬರುವ ಮೊದಲೇ ಹೋಗಿಬಿಟ್ಟರು. ಗೋಡೆಯ ಮೇಲಿರುವ ಫೋಟೋ ಯಾವುದೋ ಕಾರ್ಡಿಗೆಂದು ತೆಗೆಸಿದ್ದು. ಅದರಲ್ಲಿ ಅವರು ಸೂಜಿ ಚುಚ್ಚಿಸಿಕೊಳ್ಳಲು ಕಾಯುತ್ತಿರುವವರ ಹಾಗೆ ಕಾಣುತ್ತಾರೆ.

ಹೋದ ಚೌತಿಗೆ ಬಂದಾಗ ನಿಮ್ಮಲ್ಲಿ ಸಣ್ಣವಳು ಆ ಫೋಟೋ ನೋಡಿ ಕೇಳಿದಳಲ್ಲ, "ಅಜ್ಜಿ, ಅಜ್ಜ ನಡೆಯೋದು, ಮಾತಾಡೋದು ಯಾವ್ದ್ರಲ್ಲೂ ಇಲ್ವಾ?" ಎಂದು. ನಾನು ಕಡುಬು ಬಡಿಸುವ ನೆಪ ಮಾಡಿ ಒಳಗೆ ಹೋದೆ. ಏಕೆಂದರೆ ಆ ಹೊತ್ತಿಗೆ ಅವರ ಧ್ವನಿ ನನಗೇ ನೆನಪಿಗೆ ಬರುತ್ತಿರಲಿಲ್ಲ. ಮಾತು ನೆನಪಿತ್ತು, ಧ್ವನಿ ಇರಲಿಲ್ಲ. ಹಾಗೂ ಆಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನೀವು ಹೋದ ಮೇಲೆ ಒಂದು ದಿನ ಗದ್ದೆಯ ಬದು ದಾಟಿ ಸಣ್ಣಜ್ಜನ ಮನೆಗೆ ಹೋದೆ. ಅಂಗಳದಲ್ಲಿ ಚಾಪೆಯ ಮೇಲೆ ಒಂದು ಬದಿ ಮುರುಗಲ ಸಿಪ್ಪೆ, ಇನ್ನೊಂದು ಬದಿ ತೆಳು ಪಂಚೆ ಮುಚ್ಚಿದ ಕ್ಯಾಸೆಟ್ಟುಗಳು. ಮಳೆಗಾಲದ ಥಂಡಿಗೆ ಬಿಳೀ ಬೂಸ್ಟು ಹಿಡಿದಿದ್ದ ಎರಡನ್ನೂ ಒಣಗಲು ಹಾಕಿದ್ದ. ಅವನು ಕೋಲು ಹಿಡಿದು ಕಾಗೆ ಕಾಯುತ್ತಿದ್ದ. ಆಚೆಮನೆಯ ಮಾದೇವಿ ಬೇಲಿಯ ಮೇಲಿಂದ ಕೂಗಿದಳು: "ಎಂತ ಹಪ್ಪಳವ್ರಾ ಅದು ಕಪ್ಪು ಬಣ್ಣದ್ದು?"

"ನಿನ್ನ ಮದುವೆಯೇ ಮಾರಾಯ್ತಿ. ಬೂಸ್ಟು ಬಂದದೆ."

"ಅದಕ್ಕೆ ಬೂಸ್ಟು ಬಂದು ಕಾಲ ಆತು ಬಿಡಿ!" ಎಂದು ಮಾದೇವಿ ಒಳಗೆ ಹೋದಳು.

ನಾನು ಬಂದ ವಿಷಯ ಹೇಳಿದೆ. ಸಣ್ಣಜ್ಜ ಕೋಲು ಕೆಳಗಿಟ್ಟ.

"ಅಣ್ಣ ಇದ್ದಾನೆ. ಒಂದು ಕ್ಯಾಸೆಟ್ಟಿನಲ್ಲಿ ಪೂರಾ ಅವನೇ. ಆದರೆ ಬೂಸ್ಟು ಒಳಗೆ ಹೊಕ್ಕಿದೆ. ಒಂದು ಸಲ ಓಡಿದ್ರೆ ಓಡ್ತು. ಎರಡನೇ ಸಲಕ್ಕೆ ಭರವಸೆ ಇಲ್ಲ."

"ಮಕ್ಕಳು ಫೋನಿಗೆ ಹಾಕಿ ಕೊಡ್ತೆವು ಅಂತಾರೆ ತಮಾ."

"ಫೋನಿಗಾ? ಅಣ್ಣ ಅಷ್ಟು ಸಣ್ಣ ಜಾಗದಲ್ಲಿ ಕೂರ್ತಾನಾ ಅತ್ಗೆ?"

ಇಂಥವನಿಗೆ ಏನು ಹೇಳುವುದು!

ಅವನ ಮನೆಯಲ್ಲಿ ಟಿವಿ ಹಚ್ಚುವುದು ಮೂರುಸಂಜೆಗೆ, ದೇವರ ದೀಪಕ್ಕಿಂತ ಸ್ವಲ್ಪ ಮೊದಲು. ಹೆಂಚಿನ ಮಾಡಿನ ಮೇಲೆ ಹಳೇ ಆಂಟೆನಾ ಇನ್ನೂ ನಿಂತಿದೆ. ಹಿಂದೆ ನಿಮ್ಮ ಅಜ್ಜ ಮಾಡು ಹತ್ತಿ ಅದನ್ನು ತಿರುಗಿಸುತ್ತಿದ್ದರು, ಕೆಳಗಿನಿಂದ ನಾವೆಲ್ಲ "ಬಂತು, ಬಂತು, ಹೋತು!" ಎಂದು ಕೂಗುತ್ತಿದ್ದೆವು. ಈಗ ಆಂಟೆನಾಕ್ಕೆ ಸಿಗುವಂಥದ್ದು ಆಕಾಶದಲ್ಲಿ ಏನೂ ಇಲ್ಲ.

"ಮತ್ತೆ ಅದನ್ನ ಎಂತಕ್ಕೆ ಇಟ್ಟಿದ್ದೆ? ಅದರಲ್ಲಿ ಈಗ ಎಂತ ಬತ್ತದೆ?" ಎಂದು ಕೇಳಿದೆ.

"ಕಾಗೆ ಬತ್ತದೆ," ಎಂದ.

ನಾನು ನಕ್ಕೆ. ಆದರೆ ಒಂದು ಪಿತೃಪಕ್ಷದಲ್ಲಿ ಇದೇ ಅಂಗಳದಲ್ಲಿ ಅಜ್ಜನಿಗೆ ಎಡೆ ಇಟ್ಟ ದಿನದ ಸಂಗತಿ ನೆನಪಾಗಿ ನಗು ಅರ್ಧಕ್ಕೆ ನಿಂತಿತು. ಅಂದು ಕಾಗೆ ಎಲೆಯ ಹತ್ತಿರ ಬರಲಿಲ್ಲ, ಬೇಲಿಯ ಮೇಲೂ ಕೂರಲಿಲ್ಲ. ಸೀದಾ ಆಂಟೆನಾದ ಮೇಲೆ ಕೂತು ಮನೆಯೊಳಗೆ ನೋಡತೊಡಗಿತು. ಒಳಗೆ ಟಿವಿ, ಚಿತ್ರವಿಲ್ಲದೆ ಅಕ್ಕಿಕಾಳು ಚೆಲ್ಲಿದ ಹಾಗೆ ಗ್ರೇನ್ಸ್ ಹೊಡೆಯುತ್ತ ಉರಿಯುತ್ತಿತ್ತು. ಕಾಗೆ ಕೂತದ್ದೇ ಗ್ರೇನ್ಸ್ ತೆಳ್ಳಗಾಗಿ ಗಾಜಿನ ಮೇಲೆ ನೆರಳಿನಂಥದ್ದೊಂದು ಹಾದುಹೋಯಿತು. ಕಾಗೆಯ ಭಾರಕ್ಕೆ ಆಂಟೆನಾ ವಾಲಿತು, ಅಷ್ಟೇ ಎಂದು ನಿಮ್ಮ ಅಪ್ಪ ಹೇಳುತ್ತಾನೆ. ಇರಬಹುದು. ಆದರೆ ಅಂದು ಕಾಗೆ ಹಾರಿಹೋಗುವವರೆಗೂ ಅನ್ನದ ಪಾತ್ರೆ ಹಿಡಿದು ನಿಂತಿದ್ದವಳು ನಾನು.

ಆ ಕೋಣೆಯಲ್ಲಿ ಕೂತರೆ ಮೈ ಜುಮ್ಮೆನ್ನುತ್ತದೆ. ಹೊರಗೆ ಗಜನಿಯ ತಗ್ಗು ಗದ್ದೆಗೆ ಹೊಳೆಯ ಉಪ್ಪುನೀರು ಏರುವ ಸದ್ದು, ಒಳಗೆ ಗ್ರೇನ್ಸಿನ ಸದ್ದು; ಸ್ವಲ್ಪ ಹೊತ್ತಿನಲ್ಲಿ ಎರಡೂ ಒಂದೇ ಆಗುತ್ತವೆ. ಗಾಜಿನ ಹತ್ತಿರ ಕೈ ಒಯ್ದರೆ ರೋಮ ಎದ್ದು ನಿಲ್ಲುತ್ತದೆ, ಆಚೆಯಿಂದ ಯಾರೋ ಅಂಗೈ ಇಟ್ಟ ಹಾಗೆ. ಆ ನೀಲಿ ಬೆಳಕು ಕಿಟಕಿಯಲ್ಲಿ ಕುಣಿಯುವುದನ್ನು ಕಂಡು ಏಡಿ ಹಿಡಿಯಲು ಬರುವವರು ಆ ಬದಿಯ ದಾರಿಯನ್ನೇ ಬಿಟ್ಟಿದ್ದಾರೆ. ಎಲ್ಲಕ್ಕಿಂತ ಹೆಚ್ಚಿನದು ಸಣ್ಣಜ್ಜನ ಕಾನೂನು. ಟಿವಿ ಆರಿಸಿದಾಗ ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಬಿಳೀ ಚುಕ್ಕಿ ಉಳಿಯುತ್ತದಲ್ಲ, ಆ ಚುಕ್ಕಿ ಹೋಗುವವರೆಗೆ ಯಾರೂ ಏಳಬಾರದು!

"ಎಂತಕ್ಕೋ?" ಎಂದು ಕೇಳಿದ್ದೆ.

"ಒಳಗಿನವರು ನಮ್ಮನ್ನ ಬಾಗಿಲವರೆಗೆ ಕಳಿಸುಕೆ ಬತ್ತಾರೆ. ನಾವು ಮೊದಲೇ ಎದ್ದು ಹೋದ್ರೆ ಮರ್ಯಾದಿಯಾ?"

ನಾನು ಬದು ದಾಟಿ ಹೋದ ಆ ದಿನ ಸಂಜೆ, ಅಜ್ಜನ ಕ್ಯಾಸೆಟ್ಟು ಹಾಕುವ ಮೊದಲು ವಿಸಿಆರ್ ಪರೀಕ್ಷೆಗೆಂದು ಮಾದೇವಿಯ ಮದುವೆ ಹಾಕಿದ. ಮಾದೇವಿಯನ್ನೂ ಕರೆದ. ಪರದೆಯ ಮೇಲೆ ಒಬ್ಬ ಮುದುಕಪ್ಪ ಬಂದು ನಮ್ಮನ್ನೇ ದುರುಗುಟ್ಟಿ ನೋಡಿದ. ಸಣ್ಣಜ್ಜ ಪಿಸುಗುಟ್ಟಿದ: "ಒಂದು ಮಾತು ಹೇಳ್ತೆ ಅತ್ಗೆ. ಹೀಂಗೆ ನೇರ ಕ್ಯಾಮೆರಾ ನೋಡಿದವರು ಒಬ್ಬರೂ ಉಳೀಲಿಲ್ಲ."

ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಮಾದೇವಿ ಮಾತ್ರ, "ಅವರಿಗೆ ಆಗ್ಲೇ ಎಂಬತ್ತು ಆಗಿತ್ತು ಮಾರಾಯ್ರೆ! ಇಷ್ಟು ವರ್ಷ ಉಳೂಕೆ ಅವರೆಂತ ಆಮೆಯಾ?" ಎಂದಳು.

ಆದರೆ ಅವಳ ಧೈರ್ಯವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೆಂಗಸರ ಹಾಡು ಶುರುವಾಗುತ್ತಿದ್ದಂತೆ ವಿಸಿಆರಿನೊಳಗಿನ ರಬ್ಬರ್ ಬೆಲ್ಟು ಸಡಿಲಾಯಿತು. ಹಾಡು ನಿಧಾನವಾಗಿ, ದಪ್ಪವಾಗಿ, ಬಾವಿಯ ತಳದಿಂದ ಬಂದ ಹಾಗೆ ಬರತೊಡಗಿತು. ಪರದೆಯಲ್ಲಿ ಮಾದೇವಿಯ ಅತ್ತೆ. ಅವರು ತೀರಿಕೊಂಡು ಎಷ್ಟೋ ಕಾಲವಾಗಿದೆ. ಕೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಎತ್ತಿ, ಗಂಡಸಿನ ಧ್ವನಿಯಲ್ಲಿ ಬಾಯಿ ತೆರೆದು, "ಸೊ...ಸೀ..." ಎಂದರು.

"ಅಯ್ಯಯ್ಯೋ, ಸತ್ತ ಮೇಲೂ ನನ್ನನ್ನೇ ಕರೀತದೆ!" ಎಂದು ಮಾದೇವಿ ಚುಕ್ಕಿಗೂ ಕಾಯದೆ ಓಡಿದಳು. ಆಮೇಲೆ ಬಾಗಿಲ ಹೊರಗಿನಿಂದಲೇ ಟಿವಿಗೆ ಕೈಮುಗಿದು, "ಗಂಜಿ ಒಲೆ ಮೇಲದೆ ಅತ್ತೆ, ಬಂದೆ!" ಎಂದು ಹೇಳಿ ಹೋದಳು.

ಬೆಲ್ಟಿಗಾಗಿ ನಾವಿಬ್ಬರೂ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆವು. ಫಾರಿನ್ ಸಾಮಾನು ಅಲ್ಲಿ ಬರುತ್ತಿದ್ದ ಕಾಲದಲ್ಲಿ ವಿಸಿಆರ್ ಕೊಂಡದ್ದು ಅದೇ ಪೇಟೆಯಲ್ಲಿ. ದಾರಿಯುದ್ದಕ್ಕೂ ಸಣ್ಣಜ್ಜ ವಿಸಿಆರನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅಪ್ಸರಕೊಂಡದ ತಿರುವಿನಲ್ಲಿ ಹತ್ತಿದ ಹುಡುಗಿಯರು ಅದರ ಜೊತೆ ಸೆಲ್ಫಿ ತೆಗೆಸಿಕೊಂಡರು. ರಿಪೇರಿ ಅಂಗಡಿಯ ಮುದುಕ ಭಾಯಿ ಕನ್ನಡಕ ಏರಿಸಿ ನೋಡಿ, "ಯಾ ಅಲ್ಲಾ! ಇದು ಇನ್ನೂ ಜೀವಂತ ಉಂಟಾ?" ಎಂದರು.

"ನೀವೂ ಇದ್ದೀರಲ್ಲ ಭಾಯಿ," ಎಂದ ಸಣ್ಣಜ್ಜ.

"ನನಗೆ ಮಕ್ಕಳು ದುಬೈಯಿಂದ ಮಾತ್ರೆ ಕಳಿಸ್ತಾರೆ. ಇದರ ಬೆಲ್ಟು ದುಬೈಯಲ್ಲೂ ಇಲ್ಲ." ಹಾಗೆ ಹೇಳಿದರೂ ಒಂದು ಡಬ್ಬ ಬೋರಲು ಹಾಕಿ, ಸತ್ತ ಟೇಪ್‌ರೆಕಾರ್ಡರುಗಳಿಂದ ಕಿತ್ತಿಟ್ಟ ಬೆಲ್ಟುಗಳಲ್ಲಿ ಹುಡುಕಿ ಒಂದನ್ನು ಕೂರಿಸಿದರು. "ಎಷ್ಟು ದಿನ ನಡೀತದೆ ಕೇಳಬೇಡಿ. ನೋಡುದು ಇದ್ರೆ ಇವತ್ತೇ ನೋಡಿ," ಎಂದರು.

ಅಂದೇ ಮೂರುಸಂಜೆಗೆ ನೋಡಿದೆವು. ಮಾದೇವಿ ಬರಲಿಲ್ಲ. ನಾನು ಸೆರಗು ಹೊದ್ದು, ಬಾಗಿಲ ಪಕ್ಕದ ಮಣೆಯ ಮೇಲೆ ಕೂತೆ.

ಗ್ರೇನ್ಸ್ ಸರಿದು ಒಂದು ಮಂಟಪ ಕಾಣಿಸಿತು. ಹೊನ್ನಾವರದ ಯಾವುದೋ ಮದುವೆ. ಮದುಮಗಳು ತಲೆ ತಗ್ಗಿಸಿ ನಿಂತಿದ್ದಾಳೆ. ನಾನು ಕಣ್ಣು ಕಿರಿದು ಮಾಡಿ ಗುಂಪಿನಲ್ಲಿ ಅವರ ಮುಖ ಹುಡುಕಿದೆ. ಇದ್ದಕ್ಕಿದ್ದ ಹಾಗೆ ಮದುಮಗಳು ಕತ್ತಲಾದಳು! ಬೆಳಕು ಅವಳನ್ನು ಬಿಟ್ಟು, ಜನರ ತಲೆಗಳ ಮೇಲೆ ತೆವಳುತ್ತ ಹೊರಟಿತು. ಒಂದು ಕಂಬ ಹೊಳೆದು ಆರಿತು. ಗಾಬರಿಯಾದ ಕ್ಯಾಮೆರಾವೂ ಅದರ ಹಿಂದೆಯೇ ತಿರುಗಿತು. ಬೆಳಕು ಹೆಂಗಸರ ಸಾಲಿಗೆ ಹೋಗಿ, ಮೂಲೆಯಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಾಡುತ್ತಿದ್ದ ಒಬ್ಬಳ ಮೇಲೆ ನಿಂತಿತು. ಅವಳು ಥಟ್ಟನೆ ಮುಖ ತಿರುಗಿಸಿದಳು.

"ಅಣ್ಣಾ! ಲೈಟು ಎಲ್ಲಿ ಹಿಡ್ದೆ? ಮದುಮಗಳು ಈ ಬದಿ!" ಅದು ಕ್ಯಾಸೆಟ್ಟಿನೊಳಗಿನ ಸಣ್ಣಜ್ಜನ ಧ್ವನಿ, ಎಳೆಯದು.

ಆಮೇಲೆ ಬಹಳ ಹತ್ತಿರದಿಂದ, ನನ್ನ ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ: "ಆತು."

ನನ್ನ ಕೈಯ ರೋಮವೆಲ್ಲ ಎದ್ದು ನಿಂತಿತು. ಗಾಜಿನಿಂದ ನಾನು ಅಷ್ಟು ದೂರ ಕೂತಿದ್ದೆ!

ಮತ್ತೆ ಗ್ರೇನ್ಸ್. ಇನ್ನೊಂದು ಮದುವೆ, ಇನ್ನೊಬ್ಬ ಮದುಮಗಳು, ಮತ್ತೆ ಕತ್ತಲು. ಬೆಳಕು ಹೊರಟು ಹೆಂಗಸರ ಸಾಲಿಗೆ ಬಂದು ಅದೇ ತಿರುಗಿಸಿದ ಮುಖದ ಮೇಲೆ ನಿಲ್ಲುತ್ತದೆ. "ಅಣ್ಣಾ, ಮಂಟಪ ಆಚೆ!" "ಆತು." ಮದುವೆಯ ಮೇಲೆ ಮದುವೆ.

"ಇದೆಂತ ಕ್ಯಾಸೆಟ್ಟೋ ತಮಾ?" ಎಂದೆ.

"ಮದುವೆಯವರಿಗೆ ಕೊಡುವಾಗ ಹಾಳಾದ ತುಂಡು ತೆಗೀಬೇಕಲ್ಲ ಅತ್ಗೆ. ತೆಗೆದದ್ದನ್ನ ಎಲ್ಲ ಒಂದಕ್ಕೇ ಸೇರಿಸಿಟ್ಟೆ. ಅಣ್ಣನಿಗೆ ಅವನ ತಪ್ಪು ತೋರಿಸುವ ಅಂತ."

"ತೋರಿಸಿದ್ಯಾ?"

"ತೋರಿಸಿದೆ. ಪೂರಾ ನೋಡಿದ. 'ಇನ್ನೊಂದು ಸಲ ಹಾಕು' ಅಂದ."

ನಿಮ್ಮ ಅಜ್ಜ ಆಡಿದ್ದರಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು. ಅದನ್ನೂ ನನ್ನ ಹತ್ತಿರ ಆಡಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಮದುವೆ ಬಂತು. ಅದು ನನಗೆ ನೆನಪೇ ಇಲ್ಲ. ಇರುವುದಾದರೂ ಹೇಗೆ, ನಾನು ಅಲ್ಲಿಗೆ ಹೋಗಿರಲಿಲ್ಲ! ನಿಮ್ಮ ಅಪ್ಪ ಹುಟ್ಟಿ, ಬಾಣಂತನಕ್ಕೆ ತೌರಿನಲ್ಲಿದ್ದೆ. ಬೆಳಕು ಎಂದಿನಂತೆ ಮದುಮಗಳನ್ನು ಬಿಟ್ಟು ಹೊರಟಿತು. ಹೆಂಗಸರ ಸಾಲಿಗೆ ಬಂತು. ಒಂದೊಂದೇ ಮುಖದ ಮೇಲೆ ನಿಂತು, ಇದಲ್ಲ, ಇದಲ್ಲ ಎನ್ನುವ ಹಾಗೆ ಸರಿಯಿತು. ಕಡೆಗೆ ಮೂಲೆಯಲ್ಲಿ, ಚಾಪೆಯ ಮೇಲೆ ಯಾರೂ ಕೂರದ ಜಾಗದಲ್ಲಿ ನಿಂತಿತು.

"ಅಣ್ಣಾ, ಅತ್ಗೆ ತೌರುಮನೆಯಲ್ಲಿದ್ದಾರಲ್ಲ ಮಾರಾಯಾ! ಈ ಬದಿ ಹಿಡಿ!" ಸುತ್ತ ಜನ ನಕ್ಕ ಸದ್ದು. ಬೆಳಕು ಅಲುಗಲಿಲ್ಲ. ಬರೀ ಚಾಪೆ ಹೊಳೆಯುತ್ತಲೇ ಇತ್ತು. ಸುಮಾರು ಹೊತ್ತಾದ ಮೇಲೆ, ತಗ್ಗಿದ ಧ್ವನಿಯಲ್ಲಿ: "ಆತು."

ಅಲ್ಲಿಗೆ ವಿಸಿಆರ್ ಕಿರ್ರೆಂದಿತು. ರೀಲು ಒಳಗೆ ಸಿಕ್ಕಿಕೊಂಡಿತು. ಅದು ಮತ್ತೆ ಓಡುವುದಿಲ್ಲವೆಂದು ಸಣ್ಣಜ್ಜನ ಮುಖ ನೋಡಿದಾಗಲೇ ತಿಳಿಯಿತು.

ಸಣ್ಣವಳೇ, ಅಜ್ಜ ನಡೆದಾಡುವುದು ಸಿಗಲಿಲ್ಲ. ಅಜ್ಜ ಹೇಗಿದ್ದರು ಎಂದು ಇನ್ನೊಮ್ಮೆ ಕೇಳಿದರೆ, ಕಡುಬಿನ ನೆಪ ಹೇಳದೆ ಈ ಬೆಳಕಿನ ಸಂಗತಿ ಹೇಳುತ್ತೇನೆ.

ಸಣ್ಣಜ್ಜ ಎದ್ದು ಟಿವಿ ಆರಿಸಿದ. ನಾಲ್ಕೂ ಬದಿಯಿಂದ ಕತ್ತಲು ಒತ್ತಿ ಬಂದು, ನಡುವೆ ಬಿಳೀ ಚುಕ್ಕಿ ಉಳಿಯಿತು. ನಾನು ಏಳಲಿಲ್ಲ. ಸೆರಗನ್ನು ಮುಖದಿಂದ ಇಳಿಸಿದೆ. ಅಷ್ಟೊಂದು ಮದುವೆಗಳಲ್ಲಿ ತಿರುಗಿಸಿದ ಮುಖವನ್ನು ಗಾಜಿನ ಕಡೆಗೆ ನೇರ ಹಿಡಿದೆ.

"ಈಗ ನೋಡಿ," ಎಂದೆ, ಮೆಲ್ಲಗೆ.

ಸಣ್ಣಜ್ಜ ಕಪಾಟಿನ ಕಡೆ ತಿರುಗಿ, ಇಲ್ಲದ ಧೂಳನ್ನು ಒರೆಸುತ್ತಿದ್ದ. ಚುಕ್ಕಿ ಇನ್ನೂ ಹೋಗಿರಲಿಲ್ಲ.